ಬಟ್ಟಲು ಮತ್ತು ಎಕೋ ಪೆಡಲ್

ನಾನು ಕಣ್ಣಾರೆ ಕಂಡದ್ದು. ಊರಲ್ಲಿ ಸಂಗೀತ ಬಲ್ಲವನು ನಾನೊಬ್ಬನೇ, ಆದ್ದರಿಂದ ನಂಬಲೇಬೇಕು. ಇಂದುಮತಿ ಜಲತರಂಗದ ಬಟ್ಟಲಿನ ಮುಂದೆ ಮೈಕಿಟ್ಟು, ಅದರ ವೈರನ್ನು ದನಿಯನ್ನು ಮಾರ್ದನಿಸುವ ಕಾಲಡಿಯ ಎಕೋ ಪೆಡಲಿಗೆ ಸೇರಿಸಿದ್ದಳು. ಬಟ್ಟಲಿನ ‘ಟಿಣ್’ ಅನ್ನು ಪೆಡಲ್ ಉದ್ದಕ್ಕೆ ಎಳೆದರೆ ಥೇಟ್ ಪಿಯಾನೊ!

ಕಚೇರಿಗೆ ಮುಂಚೆ ಪೆಡಲ್ ಗದರಿತು: “ಲೋ ಬಟ್ಟಲೇ, ಪಿಯಾನೊ ಆದದ್ದು ನನ್ನಿಂದ. ನೀನು ಪಾಯಸ ಬಡಿಸಿಕೊಳ್ಳಲು ಹೋಗು!”

“ಹಾಗಾದರೆ ಇವತ್ತು ನೀನೇ ನುಡಿಯಣ್ಣ.”

ತೆರೆ ಎದ್ದಿತು. ಇಂದುಮತಿ ಕಡ್ಡಿಯಿಂದ ಬಡಿದಳು, ಬಟ್ಟಲು ಪಿಟಕ್ಕೆನ್ನಲಿಲ್ಲ. ಪೆಡಲ್ ಎದೆಯುಬ್ಬಿಸಿ, “ನಾನೇ ಪಿಯಾನೊ!” ಎಂದಿತು. ಮೈಕು ಅದನ್ನೂ ಹಿಡಿಯಿತು. “ಪಿಯಾನೊ... ಯಾನೊ... ನೊ...” ಸಭೆ ನಕ್ಕಿತು.

ಪೆಡಲ್ ಪಿಸುಗುಟ್ಟಿತು: “ತಮ್ಮಾ, ಮಾನ ಉಳಿಸೋ.”

ಅದೂ ಸಭೆಗೆಲ್ಲ ಕೇಳಿಸಿತು: “ಉಳಿಸೋ... ಳಿಸೋ... ಸೋ...”

ಬಟ್ಟಲು ನಗು ತಡೆಯಲಾಗದೆ ‘ಟಿಣ್’ ಎಂದುಬಿಟ್ಟಿತು. ಪೆಡಲ್ ತೆಪ್ಪಗೆ ಅದನ್ನು ಉದ್ದಕ್ಕೆ ಎಳೆಯಿತು, ಥೇಟ್ ಪಿಯಾನೊ!