ಕೌಲಿಯ ಕೊರತೆ

ಜೊತೆಯ ಬಿಳಿ ಹಸು ಬೆಳ್ಳಿಯನ್ನು ಮಾರಿದ ಮೇಲೆ ಕೌಲಿ ಕೊಟ್ಟಿಗೆಯ ಗೋಡೆ ನೆಕ್ಕತೊಡಗಿತು. ಪಶುವೈದ್ಯರು ಬಂದು ನೋಡಿ, ಮೈಯಲ್ಲಿ ಖನಿಜದ ಕೊರತೆ ಎಂದರು. ಯಜಮಾನ ಚೆಲುವಯ್ಯ ಖನಿಜಲವಣದ ಇಟ್ಟಿಗೆಯೊಂದನ್ನು ತಂದು, ಹಗ್ಗ ಕಟ್ಟಿ ತೂಗುಹಾಕಿದ. ಕೌಲಿ ಗೋಡೆ ಬಿಟ್ಟು ಇಟ್ಟಿಗೆಯನ್ನು ಹಿಡಿಯಿತು.

ಇಟ್ಟಿಗೆಗೆ ತನ್ನೊಳಗಿನ ಸರಕಿನ ಬಗ್ಗೆ ಹೆಮ್ಮೆ. "ನನ್ನಲ್ಲಿ ತಾಮ್ರವಿದೆ, ಸತುವಿದೆ, ಕೋಬಾಲ್ಟ್ ಕೂಡ ಇದೆ. ನಿನಗೆ ಬೇಕಾದದ್ದು ಚಿಟಿಕೆಯಷ್ಟು, ಅದು ಎಂದೋ ಸಿಕ್ಕಾಯಿತು. ಇನ್ನೂ ಯಾಕಮ್ಮ ನೆಕ್ಕುತ್ತೀ? ನಾನು ಸವೆದುಹೋಗುತ್ತಿದ್ದೇನೆ."

"ತಪ್ಪು ತಿಳಿಯಬೇಡಪ್ಪ," ಎಂದಿತು ಕೌಲಿ. "ನಿನ್ನ ರುಚಿ ಅಷ್ಟಕ್ಕಷ್ಟೆ. ದಿನಾ ನಾನು ನೆಕ್ಕುತ್ತಿದ್ದ ಬೆಳ್ಳಿಯ ಕತ್ತು ಸರಿಯಾಗಿ ನೀನು ತೂಗುವ ಎತ್ತರದಲ್ಲೇ ಇತ್ತು."

ಇಟ್ಟಿಗೆ ತನ್ನ ಖನಿಜಗಳನ್ನೆಲ್ಲ ಮತ್ತೊಮ್ಮೆ ನೆನೆದು ನೋಡಿತು. ಅದರಲ್ಲಿ ಬೆಳ್ಳಿ ಇರಲಿಲ್ಲ.

"ಹಾಗಾದರೆ ನೆಕ್ಕು ತಾಯಿ," ಎಂದಿತು.

ಇಟ್ಟಿಗೆ ಪೂರ್ತಿ ಕರಗಿದ ದಿನ ಚೆಲುವಯ್ಯ ಹೆಂಡತಿಯನ್ನು ಕೂಗಿ ಕರೆದ. "ನೋಡೇ, ಪಾಪ, ಎಷ್ಟೊಂದು ಕೊರತೆಯಿತ್ತು ಇದಕ್ಕೆ!"

ಬರಿ ಹಗ್ಗ ನೆಕ್ಕುತ್ತ ನಿಂತಿದ್ದ ಕೌಲಿಗೆ ಮರುದಿನವೇ ಇನ್ನೂ ದೊಡ್ಡ ಇಟ್ಟಿಗೆ ಬಂತು.