ಹೊಡೆದುಹಾಕಿದ ಸಾಲುಗಳು

ದೊಡ್ಡವರಿಗೆ ಓದೋ ತಾಳ್ಮೆ ಕಡಿಮೆ. ಮನೆಗೆ ಬಣ್ಣ ಹೊಡೆಸಲು ಶಂಕರಾರಾಧ್ಯರಿಗೆ ಎರಡು ಎಸ್ಟಿಮೇಟ್ ಬಂದಿದ್ದವು. ಮೊದಲನೆಯದು ಎರಡು ಪುಟ. ಇನ್ನೊಂದು ಒಂದೇ ಸಾಲು, ಅರ್ಧ ಬೆಲೆ.

"ಒಂದೇ ಸಾಲಿನವನೇ ಜಾಣ. ಅವನಿಗೆ ಒಪ್ಪಿಗೆ ಪತ್ರ ಬರಿ. ಎದುರಾಡಿದ್ರೆ ಕೆಲಸ ಬಿಡು!" ಎಂದು ಗುಮಾಸ್ತನಿಗೆ ಗುಡುಗಿದರು.

ಗುಮಾಸ್ತ ಎದುರಾಡಲಿಲ್ಲ. ಎರಡು ಪುಟದ ಎಸ್ಟಿಮೇಟಿನಿಂದ ಬೆಲೆ ಬಿಟ್ಟು ಕೆಲಸಗಳ ಪಟ್ಟಿಯನ್ನಷ್ಟೇ ನಕಲು ಮಾಡಿ ಅಗ್ಗದ ಮೇಸ್ತ್ರಿಗೆ ಕೊಟ್ಟ.

"ನಿಮ್ಮ ರೇಟಿಗೆ ಸೇರದ್ದನ್ನ ಹೊಡೆದುಹಾಕಿ, ಸಹಿ ಮಾಡಿ. ಆಮೇಲೆ ಅದನ್ನ ಯಾರೂ ಕೇಳೋ ಹಾಗಿಲ್ಲ."

ಮೇಸ್ತ್ರಿ ಖುಷಿಯಿಂದ ಹೊಡೆದುಹಾಕಿದ. ಹಳೇ ಬಣ್ಣ ಕೆರೆಯೋದು, ಪುಟ್ಟಿ, ಪ್ರೈಮರ್, ಎರಡನೇ ಕೋಟು, ಎಲ್ಲ ಹೋದವು.

ಗುಮಾಸ್ತ ತಂದು ಮುಂದಿಟ್ಟ ಆ ಪಟ್ಟಿಯನ್ನು ಆರಾಧ್ಯರು ಓದಿದರು. ಎದ್ದು ಗೋಡೆ ಸವರಿದರು. ಹಳೇ ಬಣ್ಣದ ಚಕ್ಕೆ ಅಂಗೈಗೆ ಬಂತು.

"ಪತ್ರ ಬರೀಲಾ ಸ್ವಾಮಿ?" ಎಂದ ಗುಮಾಸ್ತ.

"ಬರಿ. ಹೊಡೆದುಹಾಕಿದ್ದನ್ನೆಲ್ಲ ಮಾಡೋನಿಗೆ ಬರಿ."