ಸಾಹೇಬ್ರ ಬೂಟು

ನಮ್ಮೂರ ಹೈಸ್ಕೂಲಲ್ಲಿ ಅಂಗೈಯಗಲದ ಕಂಪ್ಯೂಟರು ಹತ್ತಿವೆ. ಯಾರ್ಯಾರೋ ದಾನ ಕೊಟ್ಟಿದ್ದು, ಒಂದೊಂದೂ ಒಂದೊಂದು ಕಂಪನಿದು. ಒಂದೊಂದನ್ನೂ ಚಾಲೂ ಮಾಡೋ ಸಿಸ್ಟಮ್ಮೇ ಬೇರೆ, ಅದಿರೋ ಉಗುರಗಲದ ಕಾರ್ಡೂ ಬೇರೆ. ಇದರ ಕಾರ್ಡು ಅದಕ್ಕೆ ಹಾಕಿದ್ರೆ ಎದ್ದೇಳೋದೇ ಇಲ್ಲ.

ತಪಾಸಣೆಗೆ ಬಂದ ಸಾಹೇಬ್ರಿಗೆ ಕಂಪ್ಯೂಟರಂದ್ರೆ ಟೀವಿಯ ತಮ್ಮ ಅನ್ನೋದಷ್ಟೇ ಗೊತ್ತು. ಬೂಟು ಬಾಗಿಲಾಚೆ ಬಿಟ್ಟು ಬಂದು ಗುಡುಗಿದ್ರು: "ಏನ್ರೀ ಟೀಚರ್ ಈ ಕಲಬೆರಕೆ? ಹತ್ತಕ್ಕೂ ಒಂದೇ ಥರದ ಕಾರ್ಡು ಹಾಕಿ. ಆಗದಿದ್ರೆ ಇವತ್ತೇ ಲ್ಯಾಬಿಗೆ ಬೀಗ, ನೀವೂ ಮನೆಗೆ!"

ಫಿಲೋಮಿನಾ ಟೀಚರ್ ಒಂದರ ಕಾರ್ಡು ಇನ್ನೊಂದಕ್ಕೆ ಹಾಕಿ ತೋರಿಸಿದ್ರು. ಅದು ಏಳಲಿಲ್ಲ, ಸಾಹೇಬ್ರು ಕೇಳಲಿಲ್ಲ. ಕಸ ಗುಡಿಸ್ತಿದ್ದ ಆಯಾ ಚಿಕ್ಕತಾಯಮ್ಮ ಮೆಲ್ಲಗೆ ಆಚೆ ಹೋದ್ಲು.

ಸಾಹೇಬ್ರು ಹೊರಟ್ರೆ ಬೂಟಿಲ್ಲ. ಅಲ್ಲಿದ್ದಿದ್ದು ಎಂಟನೇ ಕ್ಲಾಸು ಹುಡುಗಿಯ ಚಪ್ಪಲಿ.

"ಹಾಕ್ಕೊಳ್ಳಿ ಸಾಹೇಬ್ರೆ. ಇನ್ಮೇಲೆ ಎಲ್ಲರ ಕಾಲಿಗೂ ಒಂದೇ ಅಳತೆ," ಅಂದ್ಲು ಚಿಕ್ಕತಾಯಮ್ಮ.

"ತಲೆ ನೆಟ್ಟಗಿದೆಯೇನಮ್ಮಾ? ಇದರಲ್ಲಿ ಹೆಬ್ಬೆಟ್ಟೂ ತೂರಲ್ಲ!"

"ಕಂಪ್ಯೂಟರೂ ಅದನ್ನೇ ಹೇಳ್ತಿದೆ ಸಾಹೇಬ್ರೆ. ಪಾಪ, ಅದಕ್ಕೆ ಬಾಯಿಲ್ಲ."

ಮಕ್ಕಳು ಕಿಸಕ್ಕಂದ್ರು. ಸಾಹೇಬ್ರ ಮುಖ ಸುಟ್ಟ ಬದನೆಕಾಯಾಯ್ತು. ಆಮೇಲೆ ಅವರಿಗೇ ನಗು ತಡೀಲಿಲ್ಲ. "ಬೂಟು ಕೊಡು ತಾಯಿ, ಲ್ಯಾಬು ಇದ್ದಂಗೇ ಇರ್ಲಿ" ಅಂದು, ಅದನ್ನೇ ತಪಾಸಣೆ ಪುಸ್ತಕದಲ್ಲಿ ಬರೆದು ಹೋದ್ರು.

ಟೀಚರ್ ಕಣ್ಣೊರೆಸ್ಕೊಂಡು ಆಯಾಗೆ ಕೈ ಮುಗಿದ್ರು. "ನನ್ನ ಅನ್ನ ಉಳಿಸಿದ್ರಿ ಕಣ್ರಮ್ಮಾ."

"ನನಗ್ಯಾಕೆ ಟೀಚರ್? ಸಾಹೇಬ್ರ ಪಾದಕ್ಕೆ ಮುಗೀರಿ. ಅದು ಅಷ್ಟು ದಪ್ಪ ಇಲ್ದಿದ್ರೆ ಇವತ್ತು ನಾವಿಬ್ರೂ ಮನೇಲೇ!"